ಅಪ್‌ಡೇಟ್: ಮಕ್ಕಳೊಂದಿಗೆ ಕ್ರೀಟ್ ದ್ವೀಪದ ಸಮರಿಯಾ ಕಮರಿ

ಆರು ಮತ್ತು ಒಂಬತ್ತು ವರ್ಷದ ಮಕ್ಕಳೊಂದಿಗೆ ಗ್ರೀಸ್‌ನ ಸಮರಿಯಾ ರಾಷ್ಟ್ರೀಯ ಉದ್ಯಾನವನ್ನು ನೋಡುವುದು ಹೇಗೆಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಕಮರಿಯ ಮೇಲ್ತುದಿಯಲ್ಲಿರುವ ಒಮಾಲೋಸ್‌ನಿಂದ ಪೂರ್ತಿ ಇಳಿಯುವ ಸಲಹೆಯನ್ನು ಕೈಬಿಟ್ಟೆವು. 1,200 ಮೀಟರ್‌ಗೂ ಹೆಚ್ಚು ಎತ್ತರದಿಂದ ಸಮುದ್ರದವರೆಗೆ ಸುಮಾರು 16 ಕಿಲೋಮೀಟರ್ ಕಲ್ಲುಹಾದಿ ಚಿಕ್ಕವಳ ಕಾಲಿಗೆ ಖಂಡಿತ ಹೆಚ್ಚಾಗುತ್ತಿತ್ತು. ಫಲ ಕೊಟ್ಟದ್ದು, ಕೆಳಗಿನಿಂದ ಮೇಲಕ್ಕೆ ಹತ್ತಿ ಎಂದು ಹೇಳಿದವರ ಮಾತು. ರಸ್ತೆಯೇ ಇಲ್ಲದ ಅಗಿಯಾ ರೂಮೆಲಿ ಗ್ರಾಮಕ್ಕೆ ಹೋರಾ ಸ್ಫಾಕಿಯಾನ್‌ನಿಂದ ಬೆಳಗಿನ ದೋಣಿಯಲ್ಲಿ ಹೋಗಿ, ಉದ್ಯಾನದ ಕೆಳಗಿನ ದ್ವಾರದಲ್ಲಿ ಟಿಕೆಟ್ ಪಡೆದು, ಎರಡೂ ಬದಿಯ ಬಂಡೆಗಳು ಕೆಲವೇ ಮೀಟರ್ ಅಂತರಕ್ಕೆ ಬಂದು ನಿಲ್ಲುವ 'ಕಬ್ಬಿಣದ ಬಾಗಿಲು' ಎಂಬ ಜಾಗದವರೆಗೆ ನಡೆದು ಹಿಂದಿರುಗಿದೆವು. ಅಲ್ಲಿ ತೊರೆಯ ಮೇಲಿನ ಮರದ ಹಲಗೆಗಳನ್ನು ದಾಟುವಾಗ ಮಗಳು ಕತ್ತೆತ್ತಿ ಬಂಡೆಯನ್ನು ನೋಡುತ್ತಾ ನಿಂತುಬಿಟ್ಟಳು. ಮೇಲಿನಿಂದ ಇಳಿಯುವವರ ಗುಂಪು ಇನ್ನೂ ಬಂದಿರಲಿಲ್ಲವಾದ್ದರಿಂದ ಅವಸರಪಡಿಸುವವರು ಯಾರೂ ಇರಲಿಲ್ಲ. ದ್ವಾರಕ್ಕೆ ಮುಂಚಿನ ದಾರಿಯಲ್ಲಿ ನೆರಳಿಲ್ಲ, ಟೋಪಿ ಮತ್ತು ನೀರು ಕಡ್ಡಾಯ.

ಎಲಫೊನಿಸಿ ಕಡಲತೀರದ ಸಲಹೆ ನಮಗೆ ಹೊಂದಲಿಲ್ಲ. ಮಧ್ಯಾಹ್ನದ ಜನಸಂದಣಿಯಲ್ಲಿ ಮಕ್ಕಳು ಬೇಸತ್ತರು. ಕುರ್ನಾಸ್ ಸರೋವರದಲ್ಲಿ ಮಾತ್ರ ಆಮೆಗಳನ್ನು ನೋಡುತ್ತಾ ಅವರು ಅಲುಗಲೇ ಇಲ್ಲ.

ನನಗೆ ಗೊತ್ತಿರದಿದ್ದ ಸಂಗತಿಯೆಂದರೆ, ಕಮರಿಯೊಳಗೆ ಸಮರಿಯಾ ಎಂಬ ಊರೇ ಇತ್ತು. 1962ರಲ್ಲಿ ಉದ್ಯಾನ ಘೋಷಣೆಯಾದಾಗ ಅಲ್ಲಿನ ನಿವಾಸಿಗಳು ಊರು ಬಿಡಬೇಕಾಯಿತು. ಕ್ರಿ-ಕ್ರಿ ಎಂಬ ಕಾಡುಮೇಕೆಗಳು ಅಲ್ಲಿ ಈಗಲೂ ಇವೆ. ಚಳಿಗಾಲದಲ್ಲಿ ಕಮರಿ ಮುಚ್ಚಿರುತ್ತದೆ, ಆದ್ದರಿಂದ ಮೇ ಮತ್ತು ಅಕ್ಟೋಬರ್ ನಡುವೆಯೇ ಹೋಗಬೇಕು.