ಅಪ್‌ಡೇಟ್: ಸರ್ಟಿಫಿಕೇಟ್ ಹೊಸದಾದರೂ ಬ್ರೌಸರ್‌ನಲ್ಲಿ ಎಚ್ಚರಿಕೆ ಬರುತ್ತಿದ್ದ ಕಥೆ

ಹೋದ ವಾರ ಕೇಳಿದ್ದೆನಲ್ಲ, ಸರ್ಟ್‌ಬಾಟ್ (ಸರ್ಟಿಫಿಕೇಟ್ ತಾನಾಗಿಯೇ ನವೀಕರಿಸುವ ಪ್ರೋಗ್ರಾಂ) ನನ್ನ ಸೈಟ್‌ನ ಸರ್ಟಿಫಿಕೇಟ್, ಅಂದರೆ ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಫೈಲ್, ನವೀಕರಿಸಿದೆ ಅಂತ ಲಾಗ್ ಹೇಳುತ್ತೆ, ಆದರೆ ಬ್ರೌಸರ್ ಅವಧಿ ಮುಗಿದಿದೆ ಅನ್ನುತ್ತೆ ಅಂತ. ಸಿಕ್ಕಿತು. ತಪ್ಪು ನನ್ನದೇ.

ಡಿಸ್ಕ್‌ನಲ್ಲಿದ್ದ ಫೈಲ್ ಹೊಸದೇ. ಆದರೆ ಸೈಟ್ ನಡೆಸುವ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್, ಶುರುವಾದಾಗ ಓದಿಕೊಂಡ ಹಳೆಯದನ್ನೇ ಮೆಮೊರಿಯಲ್ಲಿ ಇಟ್ಟುಕೊಂಡು ಕೂತಿತ್ತು. ನೀವು ಹೇಳಿದ ಹಾಗೆ ಓಪನ್‌ಎಸ್‌ಎಸ್‌ಎಲ್‌ನಿಂದ (ಸುರಕ್ಷಿತ ಕನೆಕ್ಷನ್‌ಗೆ ಬಳಸುವ ಲೈಬ್ರರಿ, ಅದರ ಜೊತೆ ಬರುವ ಕಮಾಂಡ್) ನೇರ ಪೋರ್ಟ್ 443ಕ್ಕೆ, ಅಂದರೆ ಸರ್ವರ್‌ನ HTTPS ಬಾಗಿಲಿಗೆ, ಕನೆಕ್ಟ್ ಮಾಡಿ ನೋಡಿದೆ. ಕೊನೆಯ ದಿನಾಂಕ ಹಳೆಯದು! ನಾನು ಸುಮ್ನೆ ಎರಡು ದಿನ ಬ್ರೌಸರ್ ಕ್ಯಾಶೆ ಅಳಿಸುತ್ತಾ ಕೂತಿದ್ದೆ.

ಈಗ ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್‌ನಲ್ಲಿ (ನವೀಕರಣದ ನಂತರ ತಾನಾಗಿ ಓಡುವ ಕಮಾಂಡ್) ಎನ್‌ಜಿನ್‌ಎಕ್ಸ್ ರೀಲೋಡ್ ಹಾಕಿದ್ದೇನೆ, ಅಂದರೆ ನಿಲ್ಲಿಸದೆಯೇ ಫೈಲ್‌ಗಳನ್ನು ಮತ್ತೆ ಓದಿಸುವುದು. ನವೀಕರಣ ನಿಜವಾಗಿ ಆದಾಗ ಮಾತ್ರ ಅದು ಓಡುತ್ತೆ. ರೀಲೋಡ್ ಮಾಡಿದರೆ ಬಳಕೆದಾರರ ಕನೆಕ್ಷನ್ ಕಡಿದುಹೋಗುತ್ತಾ ಅಂತ ಭಯ ಇತ್ತು. ಇಲ್ಲ, ಹಳೆಯ ವರ್ಕರ್‌ಗಳು (ಬಳಕೆದಾರರಿಗೆ ಉತ್ತರ ಕೊಡುವ ಎನ್‌ಜಿನ್‌ಎಕ್ಸ್ ಪ್ರೊಸೆಸ್‌ಗಳು) ಕೈಯಲ್ಲಿರುವ ಕೆಲಸ ಮುಗಿಸಿಯೇ ಹೋಗುತ್ತವೆ.

ಇನ್ನೊಂದು ವಿಷಯ ಇದೇ ಗಲಾಟೆಯಲ್ಲಿ ಗೊತ್ತಾಯಿತು. ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯನ್ನೇ ಅಪ್‌ಡೇಟ್ ಮಾಡಿದರೆ ರೀಲೋಡ್ ಸಾಲದು, ರೀಸ್ಟಾರ್ಟೇ ಬೇಕು. ಇಲ್ಲದಿದ್ದರೆ ಹಳೆಯ ಲೈಬ್ರರಿಯೇ ಮೆಮೊರಿಯಲ್ಲಿ ಓಡುತ್ತಿರುತ್ತೆ. 2014ರಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ಓಪನ್‌ಎಸ್‌ಎಸ್‌ಎಲ್ ಭದ್ರತಾ ದೋಷ ಬಂದಾಗ ಪ್ಯಾಚ್ ಹಾಕಿ ರೀಸ್ಟಾರ್ಟ್ ಮರೆತವರ ಸರ್ವರ್ ದಾಳಿಗೆ ತೆರೆದೇ ಇತ್ತು ಅಂತ ಅರ್ಥ, ಅಲ್ವಾ?

ಲಾಗ್ ಹಾಕಿ ಅಂತ ಹಟ ಹಿಡಿದವರಿಗೆ ಥ್ಯಾಂಕ್ಸ್. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ನನಗೆ ಸಿಕ್ಕ ಸರ್ಟಿಫಿಕೇಟ್ 90 ದಿನದ್ದು. ಮುಂದಿನ ನವೀಕರಣದ ದಿನ ಮತ್ತೆ 443 ನೋಡಿ ಬಂದು ಹೇಳುತ್ತೇನೆ.