ಪದ್ಮಿನಿ ಕಾರಿನ ಬ್ರೇಕ್ ಬಿಡಿಭಾಗಗಳನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1981ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು, ಅವರು ತೀರಿಕೊಂಡ ಮೇಲೆ ಶಿರಾ ಹತ್ತಿರದ ನಮ್ಮ ಊರಿನ ಮನೆಯ ಕೊಟ್ಟಿಗೆಯಲ್ಲಿ ಆರು ವರ್ಷ ನಿಂತೇ ಇತ್ತು. ಯುಗಾದಿಗೆ ಅದನ್ನು ತುಮಕೂರಿಗೆ ತಂದು, ರಸ್ತೆಗೆ ಇಳಿಸುವ ಸ್ಥಿತಿಗೆ ತರುವ ಕೆಲಸ ಹಿಡಿದಿದ್ದೇನೆ. ಎಂಜಿನ್ ವಿಷಯದಲ್ಲಿ ಚಿಂತೆಯಿಲ್ಲ. ಕಾರ್ಬುರೇಟರ್ ಬಿಚ್ಚಿ ಶುಚಿ ಮಾಡಿ ಹೊಸ ಬ್ಯಾಟರಿ ಹಾಕಿದ ದಿನವೇ ಸ್ಟಾರ್ಟ್ ಆಯಿತು.

ತೊಂದರೆ ಇರುವುದು ಬ್ರೇಕಿನಲ್ಲಿ. ಹಿಂದಿನ ಎಡ ಚಕ್ರದ ವೀಲ್ ಸಿಲಿಂಡರ್ (ದ್ರವದ ಒತ್ತಡದಿಂದ ಆ ಚಕ್ರದ ಬ್ರೇಕನ್ನು ಒತ್ತುವ ಭಾಗ) ಸೋರುತ್ತಿದ್ದುದರಿಂದ ಇಲ್ಲಿಯ ಒಂದು ಅಂಗಡಿಯಲ್ಲಿ ರಬ್ಬರ್ ಕಿಟ್ ಕೊಂಡು, ಗ್ಯಾರೇಜಿನಲ್ಲಿ ಕೊಟ್ಟು ಹಾಕಿಸಿದೆ. ಮೂರೇ ವಾರದಲ್ಲಿ ಮತ್ತೆ ಸೋರತೊಡಗಿತು, ಪೆಡಲ್ ಒತ್ತಿದರೆ ನೆಲ ಮುಟ್ಟುತ್ತಿತ್ತು. ಡ್ರಮ್ ತೆಗೆದು ಸಿಲಿಂಡರಿನ ಮೇಲಿನ ಧೂಳು ತಡೆಯುವ ರಬ್ಬರನ್ನು ಬೆರಳಿನಿಂದ ಎತ್ತಿದಾಗ ಕಪ್ಪು ಲೋಳೆಯಂತಹ ದ್ರವ ಕೈಗೆ ಇಳಿಯಿತು. ಒಳಗಿನ ಕಪ್ ವಾಷರ್ (ದ್ರವ ಸೋರದಂತೆ ತಡೆಯುವ ರಬ್ಬರ್ ಬಟ್ಟಲು) ಉಬ್ಬಿ, ಅಂಚು ಮೆತ್ತಗಾಗಿ, ಪಿಸ್ಟನ್ನಿಗೆ ಅಂಟಿಕೊಂಡಿತ್ತು. ಸಿಲಿಂಡರಿನ ಒಳಗೋಡೆಯಲ್ಲಿ ರಾಗಿ ಕಾಳಿನಷ್ಟು ದೊಡ್ಡ ಎರಡು ತುಕ್ಕಿನ ಗುಳಿಗಳೂ ಇವೆ. ಈ ಸಿಲಿಂಡರ್ ಹೊಸದಾಗಿ ಎಲ್ಲಿಯಾದರೂ ದೊರೆಯುತ್ತದೆಯೇ, ಅಥವಾ ಗುಜರಿಯಿಂದ ಹಳೆಯದನ್ನು ತಂದು ಹಾಕಿದರೆ ನಡೆಯುತ್ತದೆಯೇ? ದಯವಿಟ್ಟು ತಿಳಿದವರು ಹೇಳಬೇಕು.

ಉತ್ತರ (ಕೋಲಾರದಿಂದ)

ಸ್ವಾಮಿ, ಮೊದಲು ಒಂದು ಮಾತು: ಗುಜರಿಯಿಂದ ಬಾಗಿಲಿನ ಹಿಡಿ, ಬಂಪರ್, ದೀಪದ ಗಾಜು ಏನನ್ನಾದರೂ ತನ್ನಿ, ಬ್ರೇಕಿಗೆ ಸಂಬಂಧಿಸಿದ್ದನ್ನು ಮಾತ್ರ ತಂದು ಹಾಗೆಯೇ ಹಾಕಬೇಡಿ. ನಿಮ್ಮ ಕೊಟ್ಟಿಗೆಯಲ್ಲಿ ಆರು ವರ್ಷ ಕಾರಿಗೆ ಆದದ್ದೇ ಗುಜರಿಯ ಸಿಲಿಂಡರಿಗೆ ಹತ್ತು, ಹದಿನೈದು ವರ್ಷ ಆಗಿರುತ್ತದೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಆ ನೀರೇ ಎರಕದ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಗುಳಿ ಬಿದ್ದ ಗೋಡೆಯ ಮೇಲೆ ಎಷ್ಟೇ ಒಳ್ಳೆಯ ರಬ್ಬರ್ ಹಾಕಿದರೂ ನಿಲ್ಲುವುದಿಲ್ಲ.

ಆದರೆ ನೀವು ಹೇಳಿದ ಲಕ್ಷಣದಲ್ಲಿ ನನಗೆ ಇನ್ನೊಂದು ಕಾರಣ ಕಾಣುತ್ತಿದೆ. ಗುಳಿಯಿಂದ ಸೋರಿಕೆ ಆಗುತ್ತದೆಯೇ ಹೊರತು ಕಪ್ ಉಬ್ಬುವುದಿಲ್ಲ. ಮೂರು ವಾರದಲ್ಲಿ ರಬ್ಬರ್ ಉಬ್ಬಿ ಮೆತ್ತಗಾಗಿದೆ ಎಂದರೆ ಅದಕ್ಕೆ ಪೆಟ್ರೋಲ್, ಸೀಮೆಎಣ್ಣೆ, ಗ್ರೀಸ್ ಅಥವಾ ಎಂಜಿನ್ ಆಯಿಲ್ ತಾಗಿದೆ. ಬಿಚ್ಚಿದ ಸಿಲಿಂಡರನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಅನೇಕ ಕಡೆ ಇದೆ, ಮತ್ತು ಅದು ಬಹಳ ಅಪಾಯಕಾರಿ ಅಭ್ಯಾಸ. ಸಿಲಿಂಡರನ್ನು ಸ್ಪಿರಿಟ್ಟಿನಲ್ಲಿ ಅಥವಾ ಹೊಸ ಬ್ರೇಕ್ ದ್ರವದಲ್ಲಿಯೇ ತೊಳೆಯಬೇಕು, ಜೋಡಿಸುವಾಗಲೂ ಅದೇ ದ್ರವವನ್ನು ಸವರಬೇಕು. ಅಂಗಡಿಯವನ ಕಿಟ್ ಸರಿಯಾಗಿಯೇ ಇದ್ದಿರಬಹುದು. ದಯವಿಟ್ಟು, ಪೆಡಲ್ ಒತ್ತಿದಾಗ ದ್ರವವನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿ ಅಲ್ಲಿಯ ಕಪ್ ಕೂಡ ನೋಡಿ. ಅದೂ ಉಬ್ಬಿದ್ದರೆ ಎಣ್ಣೆ ಇಡೀ ವ್ಯವಸ್ಥೆಗೆ ಸೇರಿದೆ ಎಂದೇ ಅರ್ಥ, ಆಗ ರಬ್ಬರ್ ಹೋಸ್‌ಗಳನ್ನೂ ಬದಲಾಯಿಸದೆ ಬೇರೆ ದಾರಿಯಿಲ್ಲ.

ಇನ್ನು ಸಿಲಿಂಡರಿನ ವಿಷಯ. ಹೊಸದು ಸಿಗದಿದ್ದರೆ ನಿಮ್ಮದಕ್ಕೇ ಸ್ಲೀವ್ ಹಾಕಿಸಬಹುದು. ಒಳಗೋಡೆಯನ್ನು ಬೋರಿಂಗ್ ಮಾಡಿ (ಕೊರೆದು ಅಗಲಿಸಿ), ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಯನ್ನು ಬಿಗಿಯಾಗಿ ಕೂರಿಸಿ, ಮೊದಲಿನ ಅಳತೆಗೆ ಹೋನಿಂಗ್ ಮಾಡುತ್ತಾರೆ, ಅಂದರೆ ಉಜ್ಜಿ ನುಣುಪು ಮಾಡುತ್ತಾರೆ. ಹೀಗೆ ಮಾಡಿದ ಸಿಲಿಂಡರಿಗೆ ಮುಂದೆ ತುಕ್ಕಿನ ಭಯ ಬಹಳ ಕಡಿಮೆ. ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲಿ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಲೇತ್ ಕೆಲಸದ ಪಳಗಿದ ಕೈಗಳು ಈಗಲೂ ಇವೆ. ನನ್ನ 1974ರ ಕಾರಿನ ನಾಲ್ಕು ಸಿಲಿಂಡರುಗಳೂ ಅಲ್ಲಿಯೇ ಸಿದ್ಧವಾದವು.

ಮಾಸ್ಟರ್ ಸಿಲಿಂಡರಿಗೂ ಸ್ಲೀವ್ ಹಾಕಿಸುವುದಾದರೆ ಒಂದು ಎಚ್ಚರಿಕೆ. ಅದರ ಗೋಡೆಯಲ್ಲಿ, ಮೇಲಿನ ದ್ರವದ ಡಬ್ಬಿಗೆ ಹೋಗುವ ದೊಡ್ಡ ರಂಧ್ರದ ಪಕ್ಕದಲ್ಲಿ, ಸೂಜಿಯ ಮೊನೆಯಷ್ಟು ಸಣ್ಣ ಇನ್ನೊಂದು ರಂಧ್ರವಿರುತ್ತದೆ. ಪೆಡಲ್ ಬಿಟ್ಟಾಗ ಹೆಚ್ಚುವರಿ ದ್ರವ ಹಿಂದಕ್ಕೆ ಹೋಗುವುದು ಅದರ ಮೂಲಕವೇ. ಸ್ಲೀವ್ ಹಾಕಿದವರು ಅದನ್ನು ಅದೇ ಜಾಗದಲ್ಲಿ ಮತ್ತೆ ಕೊರೆಯಲು ಮರೆತರೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಕೊರೆದು ಒಳಗಿನ ಚೂಪನ್ನು ಉಜ್ಜಿ ತೆಗೆಯದಿದ್ದರೆ ಅದು ಕಪ್ ವಾಷರನ್ನು ಸೀಳುತ್ತದೆ. ಕೆಲಸ ಕೊಡುವ ಮುನ್ನವೇ ಇದನ್ನು ಬಾಯಿಬಿಟ್ಟು ಹೇಳಿ.

ಉತ್ತರ (ಚಿಕ್ಕಬಳ್ಳಾಪುರದಿಂದ)

ಮೇಲಿನವರ ಮಾತು ನೂರಕ್ಕೆ ನೂರು ಸರಿ. ನನ್ನದು ಅಂಬಾಸಿಡರ್, ಆದರೆ ಹುಡುಕುವ ಕ್ರಮ ಒಂದೇ. ಅಂಗಡಿಗೆ ಹೋಗಿ ‘ಪದ್ಮಿನಿ ಸಿಲಿಂಡರ್ ಇದೆಯೇ’ ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಮುಂಬೈಯಲ್ಲಿ ಸಾವಿರಾರು ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಬಿಡಿಭಾಗ ಮಾಡುವವರಿಗೂ ವ್ಯಾಪಾರವಿತ್ತು. 2023ರ ಅಕ್ಟೋಬರಿನಲ್ಲಿ ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು. ಆದ್ದರಿಂದ ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಮೈಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ತೋರಿಸಿ, ಒಳ ಅಳತೆಯನ್ನು ಸೂಕ್ಷ್ಮ ಅಳತೆಯ ಸಾಧನವಾದ ವರ್ನಿಯರ್‌ನಲ್ಲಿ ಹಿಡಿದು ಹೇಳಿ. ಕಪ್ ವಾಷರ್ ಕಾರಿನ ಹೆಸರಿಗಲ್ಲ, ಅಳತೆಗೆ ಸಿಗುವ ವಸ್ತು.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಶುರು ಮಾಡಿ. ಅಲ್ಲಿ ಆಗದಿದ್ದರೆ ಚೆನ್ನೈನ ಪುದುಪೇಟೆ, ಅದಕ್ಕೂ ಆಚೆ ದೆಹಲಿಯ ಕಾಶ್ಮೀರಿ ಗೇಟ್. ಇನ್ನೊಂದು ದಾರಿ ತವರುಮನೆಯದು. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100ಡಿ. ಅಲ್ಲಿ ಆ ಕಾರನ್ನು ಇಂದಿಗೂ ಪ್ರೀತಿಯಿಂದ ಇಟ್ಟುಕೊಂಡವರಿದ್ದಾರೆ, ಬಿಡಿಭಾಗಗಳೂ ಮಾರಾಟಕ್ಕಿವೆ. ನನ್ನ ಅಂಬಾಸಿಡರಿನ 1489 ಸಿಸಿ ಎಂಜಿನ್ನಿಗೆ ಬೇಕಾದ ಗ್ಯಾಸ್ಕೆಟ್ಟನ್ನು ನಾನು ಇದೇ ರೀತಿ, ಅಂಬಾಸಿಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಹೆಸರಿನಲ್ಲಿ ಬ್ರಿಟನ್ನಿನಿಂದ ತರಿಸಿಕೊಂಡೆ. ಆದರೆ ಸುಂಕ ಮತ್ತು ಸಾಗಣೆ ಸೇರಿ ಬೆಲೆ ಏರುತ್ತದೆ, ಹಾಗೂ ಇಲ್ಲಿ ತಯಾರಾದ ಕಾರಿನಲ್ಲಿ ಕಾಲಕ್ರಮೇಣ ಬದಲಾವಣೆಗಳಾಗಿರುವುದರಿಂದ ಅಳತೆ ತಾಳೆ ನೋಡದೆ ಹಣ ಕಳಿಸಬೇಡಿ.

ರಬ್ಬರ್ ಸಾಮಾನನ್ನು ಹಳೆಯ ಸ್ಟಾಕಿನಿಂದ ಕೊಳ್ಳಬೇಡಿ. ಪೊಟ್ಟಣ ಒಡೆಯದಿದ್ದರೂ ಒಳಗೆ ರಬ್ಬರಿಗೆ ವಯಸ್ಸಾಗಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬರುತ್ತಿರುವುದರಿಂದ ಪೆಟ್ರೋಲ್ ಪೈಪು ಮತ್ತು ಪಂಪಿನ ಡಯಾಫ್ರಾಮ್ ಕೂಡ ಅದನ್ನು ತಡೆಯುವ ಹೊಸ ರಬ್ಬರಿನದೇ ಆಗಿರಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಸಂಜೆ ಮಾಸ್ಟರ್ ಸಿಲಿಂಡರ್ ಬಿಚ್ಚಿದೆ. ಅಲ್ಲಿಯ ಕಪ್ ಕೂಡ ಉಬ್ಬಿದೆ. ಗ್ಯಾರೇಜಿನಲ್ಲಿ ವಿಚಾರಿಸಿದಾಗ ಸಿಲಿಂಡರನ್ನು ಪೆಟ್ರೋಲಿನಲ್ಲಿಯೇ ತೊಳೆದದ್ದಾಗಿ ಒಪ್ಪಿಕೊಂಡರು. ಹೋಸ್‌ಗಳನ್ನೆಲ್ಲ ಕಳಚಿದ್ದೇನೆ, ಲೋಹದ ಪೈಪುಗಳನ್ನು ಸ್ಪಿರಿಟ್ ಹಾಯಿಸಿ ತೊಳೆಯುತ್ತೇನೆ. ಮಾಸ್ಟರ್ ಸಿಲಿಂಡರಿನ ಗೋಡೆ ನುಣುಪಾಗಿಯೇ ಇರುವುದರಿಂದ ಅದಕ್ಕೆ ಕಪ್ ಮಾತ್ರ ಸಾಕೆಂದು ತೋರುತ್ತದೆ. ಗುಳಿ ಬಿದ್ದ ವೀಲ್ ಸಿಲಿಂಡರನ್ನು ಭಾನುವಾರ ಕೆಜಿಎಫ್‌ಗೆ ನಾನೇ ತೆಗೆದುಕೊಂಡು ಬರುತ್ತೇನೆ. ಕೋಲಾರದ ಹಿರಿಯರು ಅಂದು ಬಿಡುವಾಗಿದ್ದರೆ ಲೇತ್ ಅಂಗಡಿಯನ್ನು ತೋರಿಸಿಕೊಡಬೇಕೆಂದು ವಿನಂತಿ.