ಮಾರ್ಕಪ್‌ನಲ್ಲಿ ಕ್ಲಾಸ್‌ಗಳಿಗೆ ಎಂಥ ಹೆಸರಿಡಬೇಕು?

ಆಲೆಮನೆ_ಮಂಡ್ಯ:
ನಮಸ್ಕಾರ. ಮಂಡ್ಯ ಮಾರುಕಟ್ಟೆಯ ಬೆಲ್ಲದ ಧಾರಣೆಯನ್ನು ಪ್ರಕಟಿಸುವ ಸಣ್ಣ ಜಾಲತಾಣವೊಂದರ ನಿರ್ವಹಣೆ ಈಚೆಗೆ ನನ್ನ ಪಾಲಿಗೆ ಬಂದಿದೆ. ಅದರ ಎಚ್‌ಟಿಎಂಎಲ್ (ಪುಟದ ರಚನೆಯನ್ನು ಬರೆಯುವ ಮಾರ್ಕಪ್ ಭಾಷೆ) ತುಂಬ ‘ರೆಡ್-ಟೆಕ್ಸ್ಟ್’, ‘ಲೆಫ್ಟ್-ಬಾಕ್ಸ್’, ‘ಬಾಕ್ಸ್2’ ಎಂಬಂತಹ ಕ್ಲಾಸ್‌ಗಳಿವೆ, ಅಂದರೆ ಶೈಲಿ ಕೊಡಲೆಂದು ಪುಟದ ಭಾಗಗಳಿಗೆ ಇಟ್ಟ ಹೆಸರುಗಳು. ಧಾರಣೆ ಇಳಿದ ಸಾಲಿಗೂ ಮಾರುಕಟ್ಟೆಗೆ ರಜೆಯೆಂಬ ಸೂಚನೆಗೂ ಒಂದೇ ‘ರೆಡ್-ಟೆಕ್ಸ್ಟ್’ ಇರುವುದರಿಂದ, ಸೂಚನೆಯನ್ನಷ್ಟೇ ನೀಲಿ ಮಾಡಲು ಹೊರಟರೆ ಇಳಿದ ಧಾರಣೆಯೂ ನೀಲಿಯಾಗುತ್ತದೆ. ಹೊಸ ಹೆಸರುಗಳನ್ನು ಯಾವ ಆಧಾರದ ಮೇಲೆ ಇಡಬೇಕು? ಕನ್ನಡದಲ್ಲೇ ಇಡಬಹುದೇ?

ಒಂಟಿಕೊಪ್ಪಲು_ವೆಬ್:
ಆ ಭಾಗ ಏನು ಎಂಬುದನ್ನು ಹೆಸರು ಹೇಳಲಿ. ಹೇಗೆ ಕಾಣಬೇಕೆಂಬುದನ್ನು ಶೈಲಿಯ ನಿಯಮಗಳನ್ನು ಬರೆಯುವ ಸಿಎಸ್‌ಎಸ್‌ಗೆ ಬಿಡಿ. ಎಚ್‌ಟಿಎಂಎಲ್ ಮಾನದಂಡವು ಕ್ಲಾಸ್ ಹೆಸರುಗಳಿಗೆ ಹೆಚ್ಚಿನ ಕಟ್ಟುಪಾಡು ಹಾಕದಿದ್ದರೂ, ವಿಷಯದ ಸ್ವರೂಪವನ್ನು ತಿಳಿಸುವ ಹೆಸರುಗಳನ್ನೇ ಬಳಸಿ ಎಂದು ಸಲಹೆ ಮಾಡುತ್ತದೆ. ನಿಮ್ಮಲ್ಲಿ ಒಂದು ‘ಧಾರಣೆ-ಇಳಿಕೆ’, ಇನ್ನೊಂದು ‘ರಜೆ-ಸೂಚನೆ’. ಸದ್ಯಕ್ಕೆ ಎರಡೂ ಕೆಂಪಾಗಿರಬೇಕಾದರೆ ಸೆಲೆಕ್ಟರ್‌ಗಳನ್ನು (ಸಿಎಸ್‌ಎಸ್ ನಿಯಮ ಯಾವ ಭಾಗಕ್ಕೆಂದು ತಿಳಿಸುವ ಹೆಸರುಗಳನ್ನು) ಅಲ್ಪವಿರಾಮದಿಂದ ಸೇರಿಸಿ ಒಂದೇ ಬಣ್ಣ ಕೊಡಿ, ಬೇಕಾದಾಗ ಬೇರ್ಪಡಿಸಬಹುದು. ‘ಲೆಫ್ಟ್-ಬಾಕ್ಸ್’ ಎಂಬುದಂತೂ ಮೊಬೈಲ್‌ನಲ್ಲಿ ಎಡಕ್ಕೆ ಇರುವುದೇ ಅಪರೂಪ, ಕೆಳಗೆ ಹೋಗಿ ಕೂತಿರುತ್ತದೆ.

ಹೆಸರು ಹುಡುಕುವ ಮೊದಲು ಆ ಕೆಲಸಕ್ಕೆಂದೇ ಟ್ಯಾಗ್ ಇದೆಯೇ ನೋಡಿ. ಮೆನುವಿಗೆ ‘ನ್ಯಾವ್’, ಪುಟದ ಅಡಿಗೆ ‘ಫುಟರ್’, ದಿನಾಂಕಕ್ಕೆ ‘ಟೈಮ್’ ಇವೆ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳು ಕ್ಲಾಸ್ ಹೆಸರನ್ನು ಓದಿ ಹೇಳುವುದಿಲ್ಲವಾದ್ದರಿಂದ, ಧಾರಣೆ ಇಳಿದಿದೆ ಎಂಬುದನ್ನು ಸಾಲಿನಲ್ಲಿ ಅಕ್ಷರದಲ್ಲೂ ಬರೆಯುವುದು ಒಳ್ಳೆಯದು.

ಸಕ್ಕರೆನಾಡಿಗ:
ಒಪ್ಪುತ್ತೇನೆ, ಆದರೆ ಇದೂ ಅತಿಯಾಗಬಾರದು. ‘ಕುರಿಕಾಲಚ್ಚು-ಧಾರಣೆ’, ‘ಬಕೆಟ್-ಬೆಲ್ಲ-ಧಾರಣೆ’ ಎಂದು ಬಗೆಗೊಂದು ಕ್ಲಾಸ್ ಮಾಡಿದರೆ, ಒಂದೇ ರೀತಿ ಕಾಣುವ ಸಾಲುಗಳಿಗೆ ಅದೇ ನಿಯಮವನ್ನು ಮತ್ತೆ ಮತ್ತೆ ಬರೆಯುತ್ತ ಕೂರಬೇಕಾಗುತ್ತದೆ. ಎಲ್ಲಕ್ಕೂ ‘ಧಾರಣೆ-ಸಾಲು’ ಇರಲಿ. ಇಳಿದ ದಿನ ಅದರ ಪಕ್ಕದಲ್ಲಿ ‘ಧಾರಣೆ-ಇಳಿಕೆ’ ಸೇರಿಸಿದರೆ ಸಾಕು. ಟೇಲ್‌ವಿಂಡ್ ಎಂಬ ಸಿದ್ಧ ಸಿಎಸ್‌ಎಸ್ ಚೌಕಟ್ಟನ್ನು ಬಳಸುವವರು ರೂಪ ತಿಳಿಸುವ ಹೆಸರುಗಳನ್ನೇ ಬೇಕೆಂದು ಇಡುತ್ತಾರೆ. ಪುಟವನ್ನು ಕಾಂಪೊನೆಂಟ್‌ಗಳಾಗಿ (ಮತ್ತೆ ಮತ್ತೆ ಬಳಸಬಹುದಾದ ತುಣುಕುಗಳಾಗಿ) ಕಟ್ಟುವಲ್ಲಿ ಅದು ಸರಿಹೋಗುತ್ತದೆ. ಕೈಯಿಂದ ತಿದ್ದುವ ಸಣ್ಣ ತಾಣಕ್ಕೆ ನಾನಂತೂ ಅದನ್ನು ಸಲಹೆ ಮಾಡಲಾರೆ.

ಅಕ್ಷರಪ್ರಿಯ_ಮೈಸೂರು:
ಎರಡನೆಯ ಪ್ರಶ್ನೆಗೆ: ಕನ್ನಡ ಲಿಪಿಯ ಹೆಸರು ಎಚ್‌ಟಿಎಂಎಲ್‌ನಲ್ಲೂ ಸಿಎಸ್‌ಎಸ್‌ನಲ್ಲೂ ಕ್ರಮಬದ್ಧವೇ. ‘ಧಾರಣೆ ಸಾಲು’ ಎಂದು ನಡುವೆ ಜಾಗ ಬಿಟ್ಟರೆ ಮಾತ್ರ ಅದು ಎರಡು ಕ್ಲಾಸ್ ಆಗುತ್ತದೆ. ಅಂಕಿಯಿಂದ ಶುರುವಾಗುವ ‘10ಕೆಜಿ’ಯಂಥದ್ದು ಸಿಎಸ್‌ಎಸ್‌ನಲ್ಲಿ ಎಸ್ಕೇಪ್ ಮಾಡದೆ (ಬ್ಯಾಕ್‌ಸ್ಲ್ಯಾಷ್ ಹಾಕಿ ಸಂಕೇತವಾಗಿ ಬರೆಯದೆ) ನಡೆಯುವುದಿಲ್ಲ.

ತೊಡಕಿರುವುದು ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ. ‘ಕೋಷ್ಟಕ’ದ ಓತ್ವವನ್ನು ಒಂದೇ ಚಿಹ್ನೆಯಾಗಿಯೂ, ಬಿಡಿ ಚಿಹ್ನೆಗಳ ಸರಣಿಯಾಗಿಯೂ ಸಂಗ್ರಹಿಸಬಹುದು. ಕಣ್ಣಿಗೆ ಎರಡೂ ಒಂದೇ, ಬ್ರೌಸರ್‌ಗೆ ಬೇರೆ ಬೇರೆ. ಮಾರ್ಕಪ್‌ನಲ್ಲಿ ಒಂದು, ಸಿಎಸ್‌ಎಸ್‌ನಲ್ಲಿ ಇನ್ನೊಂದು ಸೇರಿಕೊಂಡರೆ ಶೈಲಿ ಅನ್ವಯವಾಗುವುದಿಲ್ಲ, ತಪ್ಪು ಕಾಣಿಸುವುದೂ ಇಲ್ಲ. ಆದ್ದರಿಂದ ಹೆಸರನ್ನು ಎರಡು ಕಡೆ ಬೇರೆ ಬೇರೆ ಟೈಪ್ ಮಾಡದೆ ಒಂದು ಕಡೆಯಿಂದ ನಕಲಿಸಿ ಅಂಟಿಸಿ. ಇಲ್ಲವೇ ಅದೇ ಕನ್ನಡ ಪದವನ್ನು ರೋಮನ್ ಲಿಪಿಯಲ್ಲಿ, ಎಲ್ಲವೂ ಸಣ್ಣಕ್ಷರದಲ್ಲಿ ಬರೆಯಿರಿ. ಕ್ಲಾಸ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳೂ ಬೇರೆಯೇ.